ಎರಡು ಹಲ್ಲು, ಎರಡು ಸೆರಗು

ಈ ಕಥೆ ಹೇಳುವ ಧೈರ್ಯ ಮಾಡುತ್ತಿರುವುದಕ್ಕೆ ಓದುವವರು ನನ್ನನ್ನು ಕ್ಷಮಿಸಬೇಕು. ನಮ್ಮೂರಿನಲ್ಲಿ ನನಗಿಂತ ಚೆನ್ನಾಗಿ ಹೇಳಬಲ್ಲವರಿದ್ದಾರೆ. ನಮ್ಮ ಶಾಲೆಯ ಮುಖ್ಯಸ್ಥರಾದ ಗುರುಪಾದ ಮಾಸ್ತರರು ಹೇಳಿದ್ದರೆ ವ್ಯಾಕರಣವಾದರೂ ನೆಟ್ಟಗಿರುತ್ತಿತ್ತು. ನಾನು ಹಗಲು ಬಳಪದ ಕಾರ್ಖಾನೆಯಲ್ಲಿ ಕಲ್ಲು ಕೊಯ್ದು, ಸಂಜೆ ಶಾಲೆಯಲ್ಲಿ ಓದಿ, ಮೂರನೆಯ ಸಲಕ್ಕೆ ಪರೀಕ್ಷೆ ಪಾಸಾಗಿ, ಮೂವತ್ತು ದಾಟಿದ ಮೇಲೆ ಒಂದನೇ ಇಯತ್ತೆಯ ಮಕ್ಕಳಿಗೆ ಅಕ್ಕೋರಾದವಳು. ಒಂದು ಸಾಲು ಬರೆದರೆ ಎರಡು ಸಲ ಹೊಡೆದು ಹಾಕುತ್ತೇನೆ. ಆದರೆ ಇದರಲ್ಲಿ ನಡೆದ ತಪ್ಪು ನನ್ನದು. ಬೇರೆಯವರ ಬಾಯಿಂದ ಅದು ಹೊರಬರುವುದಕ್ಕಿಂತ ನಾನೇ ಹೇಳುವುದು ಮೇಲೆಂದು ಅನಿಸಿದೆ. ಹಾಗೆ ಅನಿಸಿದ್ದು ಸರಿಯೋ ಅಲ್ಲವೋ ಎಂದು ಈಗಲೂ ಯೋಚಿಸುತ್ತಿದ್ದೇನೆ.

ನಮ್ಮೂರಿನಲ್ಲಿ ಮಗುವಿಗೆ ಮೊದಲು ಬಿದ್ದ ಹಾಲುಹಲ್ಲು ತಣ್ಣಗಾಗುವುದಿಲ್ಲ. ಎರಡನೆಯದು, ಮೂರನೆಯದು ಬಿದ್ದರೆ ಎಲ್ಲ ಊರುಗಳಂತೆ ನಾವೂ ಸಗಣಿಯಲ್ಲಿ ಸುತ್ತಿ ಮಾಳಿಗೆಯ ಮೇಲೆ ಎಸೆಯುತ್ತೇವೆ. ಮೊದಲನೆಯದನ್ನು ಮಾತ್ರ ತಾಯಿ ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ. ಈಗಷ್ಟೇ ಕೋಳಿಯ ಕೆಳಗಿನಿಂದ ತೆಗೆದ ಮೊಟ್ಟೆಯಷ್ಟು ಬೆಚ್ಚಗೆ ಅದು ಅಲ್ಲಿರುತ್ತದೆ. ಮಗುವಿಗೆ ಜ್ವರ ಬಂದರೆ ಸುಡುತ್ತದೆ. ಮಗು ಹೆದರಿದರೆ, ಆಪತ್ತಿನಲ್ಲಿ ಸಿಕ್ಕಿಬಿದ್ದರೆ ತಣ್ಣಗಾಗುತ್ತದೆ. ಹಾಗಾಗಿ ನಮ್ಮೂರ ಹೆಂಗಸರಿಗೆ ರೊಟ್ಟಿ ಬಡಿಯುವಾಗಲೂ ನೀರು ಸೇದುವಾಗಲೂ ನಡುನಡುವೆ ಸೆರಗಿನ ಗಂಟು ಮುಟ್ಟಿ ನೋಡುವ ಅಭ್ಯಾಸ. ಹೊರಗಿನಿಂದ ಬಂದವರಿಗೆ ಇವರೆಲ್ಲ ಸೆರಗು ಜಾರಿತೇನೋ ಎಂದು ಗಾಬರಿಯಾದಂತೆ ಕಾಣುತ್ತದೆ. ನಮ್ಮ ಡಾಕ್ಟರು ಮಗುವಿನ ನಾಡಿ ಹಿಡಿಯುವ ಮೊದಲು "ಹಲ್ಲು ತೋರಸ್ರಿ" ಎಂದು ತಾಯಿಯ ಮುಂದೆ ಕೈ ಚಾಚುತ್ತಾರೆ. ಮದುವೆಯಾದಾಗ ಅತ್ತೆ ತನ್ನ ಮಗನ ಹಲ್ಲನ್ನು ಸೊಸೆಗೆ ಕೊಡಬೇಕು ಎಂಬುದು ಪದ್ಧತಿ. ಎಷ್ಟೋ ಅತ್ತೆಯರು ಕೊಡದೆ ಐದಾರು ವರ್ಷ ತಳ್ಳಿದ್ದಾರೆ. ನಮ್ಮ ಓಣಿಯ ಪಾರೋತೆವ್ವನ ಗಂಡ ನಾಟಕದ ಕಂಪನಿಯ ಹಿಂದೆ ಹೋಗಿ ಹನ್ನೊಂದು ವರ್ಷವಾಯಿತು. ಅವಳು ದಿನಾ ಬೆಳಿಗ್ಗೆ ಗಂಟು ಮುಟ್ಟಿ, "ಬೆಚ್ಚಗ ಅದಾನ, ಹಾಳಾದಂವ" ಎಂದು ಬೈದು ಕಸ ಗುಡಿಸಲು ತೊಡಗುತ್ತಾಳೆ.

ಶಾಲೆಯಲ್ಲಿ ಹಲ್ಲು ಬಿದ್ದರೆ ಅದನ್ನು ತಾಯಿಗೆ ಮುಟ್ಟಿಸುವ ಕೆಲಸ ಅಕ್ಕೋರದು. ಎತ್ತಿಕೊಂಡವರು ಅದನ್ನು ಎಲ್ಲಿಯೂ ಕೆಳಗಿಡಬಾರದು, ಮುಷ್ಟಿಯಲ್ಲೇ ಹಿಡಿದು ಹೋಗಿ ತಾಯಿಯ ಅಂಗೈಯಲ್ಲಿ ಹಾಕಬೇಕು. ನಾನು ಆ ಕೆಲಸವನ್ನು ಬಹಳ ನಿಷ್ಠೆಯಿಂದ ಮಾಡುತ್ತಿದ್ದೆ. ಮುಷ್ಟಿ ಬಿಗಿಹಿಡಿದು ಹೋಗಿ, ಮನೆ ಮುಟ್ಟಿದ ಮೇಲೆ ಬೆರಳು ಬಿಚ್ಚಲಾಗದೆ ತಾಯಂದಿರೇ ಬಿಡಿಸಿಕೊಂಡದ್ದುಂಟು.

ಆ ವರ್ಷ ನನ್ನ ತರಗತಿಯಲ್ಲಿ ಕಾಶಿ ಮತ್ತು ಚಂಪಾ ಎಂಬ ಇಬ್ಬರು ಹುಡುಗಿಯರಿದ್ದರು. ಕಾಶಿ, ಖಾನಾವಳಿ ನಡೆಸುವ ಇಂದ್ರವ್ವನ ಮಗಳು. ಚಂಪಾ, ಕಾರ್ಖಾನೆಯಲ್ಲಿ ಬಳಪ ಮುರಿಯದಂತೆ ನಡುವೆ ಹೊಟ್ಟು ಹಾಕಿ ಪೆಟ್ಟಿಗೆ ತುಂಬುವ ತುಳಸವ್ವನ ಮಗಳು. ಇಬ್ಬರೂ ಒಂದೇ ಪಾಟಿಯಲ್ಲಿ ಆ ಕಡೆ ಒಬ್ಬಳು ಈ ಕಡೆ ಒಬ್ಬಳು ಬರೆಯುವಷ್ಟು ಗೆಳತಿಯರು. ಇಬ್ಬರಿಗೂ ಕೆಳಗಿನ ಮುಂದಿನ ಹಲ್ಲು ಒಂದೇ ವಾರ ಅಲ್ಲಾಡಲು ಶುರುವಾಗಿತ್ತು. ನನ್ನ ಪಾಠ ಬಿಟ್ಟು ದಿನವಿಡೀ ಒಬ್ಬರ ಹಲ್ಲನ್ನು ಇನ್ನೊಬ್ಬರು ಅಲ್ಲಾಡಿಸಿ ನೋಡುವುದೇ ಅವರ ಕೆಲಸ.

ಒಂದು ಮಧ್ಯಾಹ್ನ ಮುಟ್ಟಾಟ ಆಡುತ್ತಾ ಇಬ್ಬರೂ ಎದುರುಬದುರು ಓಡಿ ಬಂದು ಢಿಕ್ಕಿ ಹೊಡೆದರು. ಎರಡೂ ಹಲ್ಲು ಒಟ್ಟಿಗೇ ಬಿದ್ದವು. ನಮ್ಮ ಶಾಲೆಯ ಅಂಗಳದ ತುಂಬ ಕಾರ್ಖಾನೆಯಿಂದ ತಂದು ಸುರಿದ ಬಳಪದ ಚೂರುಗಳು. ಎಲ್ಲವೂ ಬಿಳಿ, ಎಲ್ಲವೂ ಹಲ್ಲಿನಷ್ಟೇ. ನಾನು ಮೊಣಕಾಲೂರಿ ಬೆಚ್ಚಗಿರುವುದನ್ನು ಹುಡುಕಿದೆ. ಚಂಪಾ ಬಿದ್ದಿದ್ದ ಜಾಗದಲ್ಲಿ ಸಿಕ್ಕಿದ್ದನ್ನು ಬಲಗೈಯಲ್ಲಿ, ಕಾಶಿ ಬಿದ್ದಿದ್ದ ಜಾಗದಲ್ಲಿ ಸಿಕ್ಕಿದ್ದನ್ನು ಎಡಗೈಯಲ್ಲಿ ಹಿಡಿದು ಎದ್ದೆ. ಗೇಟಿನ ಹತ್ತಿರ ಬಂದಾಗ ಒಂದು ಪುಟ್ಟ ಹುಡುಗಿ ಕಾಲು ಕಾಲು ಹೊಸೆಯುತ್ತಾ ನನ್ನ ಸೀರೆ ಜಗ್ಗಿದಳು.

"ಅಕ್ಕೋರ, ಲಾಡಿ ಗಂಟ ಬಿದ್ದೈತ್ರೀ! ಲಗೂ ಬಿಚ್ರಿ, ಬರಾಕತ್ತೈತಿ!"

ನಾನು ಏನು ಮಾಡಬೇಕಿತ್ತು? ಎರಡು ಮುಷ್ಟಿಯಿಂದ ಗಂಟು ಬಿಚ್ಚಲಾಗುವುದಿಲ್ಲ. ಎಡಗೈಯದನ್ನು ಬಲಗೈಗೆ ಸೇರಿಸಿದೆ. ಬಲ ಅಂಗೈಯ ಮೇಲ್ತುದಿಯಲ್ಲಿ ಒಂದು, ಕೆಳತುದಿಯಲ್ಲಿ ಒಂದು ಎಂದು ನೆನಪಿಟ್ಟುಕೊಂಡು, ಎಡಗೈಯ ಬೆರಳು ಮತ್ತು ನನ್ನ ಹಲ್ಲಿನಿಂದ ಲಾಡಿ ಬಿಚ್ಚಿದೆ. ಆ ಹುಡುಗಿ ಓಡಿದಳು. ಮುಷ್ಟಿ ತೆರೆದು ನೋಡಿದೆ. ಎರಡು ಹಲ್ಲು ಅಂಗೈಯ ನಡುವಿನ ಗುಳಿಯಲ್ಲಿ ಒಂದಕ್ಕೊಂದು ತಾಗಿಕೊಂಡು ಕೂತಿದ್ದವು.

ಬಿಸಿಲಿನಲ್ಲಿ ನಿಂತು ಬಹಳ ಹೊತ್ತು ನೋಡಿದೆ. ಒಂದು ಕೂದಲೆಳೆಯಷ್ಟು ದೊಡ್ಡದು ಅನಿಸಿತು. ಕಾಶಿ ಖಾನಾವಳಿಯ ಮಗು, ಚೆನ್ನಾಗಿ ಉಂಡು ಬೆಳೆದವಳು, ದೊಡ್ಡದು ಅವಳದೇ ಇರಬೇಕು ಎಂದುಕೊಂಡೆ. ಇದೇನು ಲೆಕ್ಕವೋ ನನಗೆ ತಿಳಿಯದು. ಹೋಗಿ ದೊಡ್ಡದನ್ನು ಇಂದ್ರವ್ವನ ಕೈಗೆ, ಸಣ್ಣದನ್ನು ತುಳಸವ್ವನ ಕೈಗೆ ಹಾಕಿದೆ. ಇಬ್ಬರೂ ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿಕೊಂಡರು. ಇಂದ್ರವ್ವ ನನಗೆ ಎರಡು ಹೋಳಿಗೆ ಕಟ್ಟಿಕೊಟ್ಟಳು. ಅವನ್ನು ತಿನ್ನಲಾಗದೆ ಪಾರೋತೆವ್ವನಿಗೆ ಕೊಟ್ಟೆ.

ಮೂರು ವರ್ಷ ನಾನು ಯಾರಿಗೂ ಹೇಳಲಿಲ್ಲ. ಕಾಶಿಗೆ ಜ್ವರ ಬಂದಿದೆ ಎಂದು ಕೇಳಿದರೆ ಇಂದ್ರವ್ವನ ಹಲ್ಲು ಬಿಸಿಯಾಗಿತ್ತೇ ಎಂದು ಏನೋ ನೆಪದಲ್ಲಿ ವಿಚಾರಿಸುತ್ತಿದ್ದೆ. ಆಗಿತ್ತು ಎನ್ನುತ್ತಿದ್ದಳು. ಅಂದೊಂದು ರಾತ್ರಿ ಮಾತ್ರ ಚೆನ್ನಾಗಿ ನಿದ್ದೆ ಬರುತ್ತಿತ್ತು. ಮರುದಿನ ಚಂಪಾಗೂ ಜ್ವರವಿತ್ತೆಂದು ತಿಳಿಯುತ್ತಿತ್ತು. ಆ ಇಬ್ಬರು ಹುಡುಗಿಯರು ಕೆಮ್ಮು, ನೆಗಡಿ, ಗದ್ದಕಟ್ಟು, ಕಜ್ಜಿ ಏನೇ ಬಂದರೂ ಒಟ್ಟಿಗೇ ತಂದುಕೊಳ್ಳುತ್ತಿದ್ದರು.

ಅವರು ನಾಲ್ಕನೇ ಇಯತ್ತೆಯಲ್ಲಿದ್ದಾಗ ಒಂದು ಶನಿವಾರ. ಬೆಳಗಿನ ಶಾಲೆ ಮುಗಿದು, ನಾಲ್ಕು ಗಂಟೆಯ ಹೊತ್ತಿಗೆ ನಮ್ಮ ಅವ್ವನಿಗೆ ರೊಟ್ಟಿ ಕಟ್ಟಿಸಿಕೊಂಡು ಬರಲು ಇಂದ್ರವ್ವನ ಖಾನಾವಳಿಗೆ ಹೋದೆ. ಒಲೆ ಉರಿಯುತ್ತಿತ್ತು, ರೊಟ್ಟಿ ಬಡಿಯುವವರು ಯಾರೂ ಇರಲಿಲ್ಲ. ಇಂದ್ರವ್ವ ಕಾಶಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆ ಮುಟ್ಟಿ, ಹೊಟ್ಟೆ ಒತ್ತಿ, ನಾಲಿಗೆ ಹೊರಗೆ ಹಾಕಿಸಿ ನೋಡುತ್ತಿದ್ದಳು.

"ಅಕ್ಕೋರ, ಛಲೋ ಆತು ಬಂದ್ರಿ. ಹುಡುಗಿ ನನ್ನ ಕಣ್ಣೆದುರಿಗೇ ಕುಂತಾಳ. ಹಲ್ಲು ನೋಡಿದ್ರ ಹರವಿ ನೀರಿನಗತೆ ತಣ್ಣಗ ಆಗೈತಿ! ಮಧ್ಯಾಹ್ನ ಊಟದ ಹೊತ್ತಿನಿಂದ ಹಿಂಗ. ಡಾಕ್ಟರು ಏನೂ ಇಲ್ಲ ಅಂತಾರ. ಏನೂ ಇಲ್ಲಂದ್ರ ಇದು ಯಾಕ ಹಿಂಗ ಆಗೈತ್ರೀ?"

ಹಲ್ಲನ್ನು ನನ್ನ ಅಂಗೈಗೆ ಒತ್ತಿದಳು. ಬಾವಿಯ ತಳದ ಕಲ್ಲಿನ ಹಾಗಿತ್ತು.

"ಕಾಶಿ, ಚಂಪಾ ಎಲ್ಲಿ?" ಎಂದೆ.

"ಮನಿಗೆ ಹೋಗ್ಯಾಳ್ರಿ." ಅವಳು ನನ್ನ ಮುಖ ನೋಡಲಿಲ್ಲ.

ರೊಟ್ಟಿ ಬಿಟ್ಟು ಕಾರ್ಖಾನೆಗೆ ಓಡಿದೆ. ತುಳಸವ್ವ ನಾಲ್ಕೈದು ಹೆಂಗಸರ ಜೊತೆ ಪೆಟ್ಟಿಗೆ ತುಂಬುತ್ತಾ ಕೂತಿದ್ದಳು. ತಲೆಯಿಂದ ಕಾಲಿನವರೆಗೆ ಬಿಳಿಯ ಪುಡಿ, ಬಾಯೊಂದೇ ಕೆಂಪು. ಎಲೆ ಅಡಿಕೆ ಹಾಕಿದ್ದಳು.

"ತುಳಸವ್ವ, ಚಂಪಾ ಮನ್ಯಾಗ ಅದಾಳೇನು?"

"ಎಲ್ಲೀ ಮನಿ ಅಕ್ಕೋರ! ಸಾಲಿ ಬಿಟ್ಟಿಂದ ಪತ್ತೆ ಇಲ್ಲ. ತಮ್ಮನ್ನ ನೋಡ್ಕೋ ಅಂದ್ರ ಓಡಿಹೋಗ್ಯಾಳ. ಬರಲಿ ಇವತ್ತ, ಕಾಲ ಮುರೀತೀನಿ."

"ಒಮ್ಮೆ ಹುಡುಕೋಣು."

ಹೆಂಗಸರೆಲ್ಲ ಕೈ ನಿಲ್ಲಿಸಿ ನನ್ನನ್ನು ನೋಡಿದರು. ತುಳಸವ್ವ ಎಡಗೈಯಿಂದ ಸೆರಗಿನ ಗಂಟು ಹಿಡಿದು ಒತ್ತಿದಳು. "ಬೆಚ್ಚಗ ಐತ್ರಿ. ಯಾರ ಮನ್ಯಾಗೋ ಕುಂತು ಹೊಟ್ಟಿ ಬಿರಿಯೂ ಹಂಗ ತಿನ್ನಾಕತ್ತಿರಬೇಕು. ಏನ್ ಹುಡುಕೂದು?"

"ಅಕ್ಕೋರಿಗೆ ಮಕ್ಕಳಿಲ್ಲ ನೋಡು, ಅದಕ್ಕ ಗಾಬರಿ," ಎಂದಳು ಪಕ್ಕದವಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಎಲ್ಲರೂ ನಕ್ಕರು. ನಮ್ಮೂರಿನಲ್ಲಿ ಹಲ್ಲು ಬೆಚ್ಚಗಿರುವಾಗ ಮಗುವನ್ನು ಹುಡುಕಲು ಯಾರೂ ಏಳುವುದಿಲ್ಲ. ಹುಡುಕಿರೆಂದು ಹೇಳುವುದು ತಾಯಿಗೆ ತನ್ನ ಮಗುವಿನ ಸುದ್ದಿ ಗೊತ್ತಿಲ್ಲ ಎಂದು ಹೇಳಿದ ಹಾಗೆ. ನಾನೊಬ್ಬಳೇ ಹುಡುಕಬಹುದಿತ್ತು. ಊರ ಸುತ್ತ ಹಳೆಯ ಗಣಿಗಳು, ಕಲ್ಲಿನ ರಾಶಿಗಳು, ಮುಚ್ಚಿದ ಗೋದಾಮುಗಳು. ಒಬ್ಬಳಿಗೆ ಒಂದು ವಾರ ಬೇಕು. ಆಗಲೇ ಗೋಡೆಯ ಮೇಲಿನ ಬಿಸಿಲು ಕಿಟಕಿಯ ಮಟ್ಟಕ್ಕೆ ಏರಿತ್ತು. ಇನ್ನು ಎರಡು ಗಂಟೆಯಲ್ಲಿ ಕತ್ತಲು.

"ತುಳಸವ್ವ," ಎಂದೆ, "ಆ ಹಲ್ಲು ಚಂಪಾಂದ ಅಲ್ಲ ಅಂತ ಅನಸ್ತೈತಿ."

"ಅನಸ್ತೈತಿ ಅಂದ್ರ?"

"ಅವತ್ತು ಎರಡೂ ಒಂದೇ ಕೈಯಾಗ ಕೂಡಿಬಿಟ್ಟಿದ್ವು. ಅಂದಾಜಿನ ಮ್ಯಾಲ ಕೊಟ್ಟೆ. ಕಾಶಿ ಹಲ್ಲು ನಿನ್ನ ಹತ್ರ ಇರಬೇಕು, ಚಂಪಾಂದು ಇಂದ್ರವ್ವನ ಹತ್ರ ಇರಬೇಕು. ಇಂದ್ರವ್ವನ ಕಡೆ ಇದ್ದದ್ದು ಮಧ್ಯಾಹ್ನದಿಂದ ತಣ್ಣಗ ಆಗೈತಿ."

"ಅಂದಾಜ ಮಾಡಿ ಕೊಡಾಕ ಹಲ್ಲೇನ ಕಡ್ಲಿಕಾಳೇನ್ರೀ?" ಎಂದಳು ತುಳಸವ್ವ, ಮೆಲ್ಲಗೆ. ಮಾತು ಮುಗಿಯುವಷ್ಟರಲ್ಲಿ ಅವಳ ಮುಖದ ಮೇಲಿನ ಪುಡಿಗಿಂತ ಮುಖವೇ ಬಿಳಿಯಾಗಿತ್ತು. ಪೆಟ್ಟಿಗೆ ಉರುಳಿಸಿ ಎದ್ದು ಓಡಿದಳು. ಕಾರ್ಖಾನೆಯ ಹೆಂಗಸರೆಲ್ಲ ಹಿಂದೆ ಓಡಿದರು. ಕೊನೆಯಲ್ಲಿ ನಾನು.

ಖಾನಾವಳಿಯಲ್ಲಿ ತುಳಸವ್ವ ನೇರವಾಗಿ ಇಂದ್ರವ್ವನ ಸೆರಗಿಗೇ ಕೈಹಾಕಿ ಗಂಟು ಹಿಡಿದಳು. ಹಿಡಿದವಳು ಅಲ್ಲೇ ಕುಸಿದಳು. "ನನ್ನ ಮಗಳು," ಎಂದಳು. ಇಂದ್ರವ್ವನಿಗೆ ಅರ್ಥವಾಗಲಿಲ್ಲ. "ಇದು ನನ್ನ ಮಗಳದಲ್ಲೇನು?" ಎಂದು ಸೆರಗು ಕಿತ್ತುಕೊಳ್ಳಲು ಹೋದಳು. ನಾನು ಬಾಗಿಲಲ್ಲಿ ನಿಂತು ಅದೇ ಮಾತುಗಳನ್ನು ಎರಡನೆಯ ಸಲ ಹೇಳಿದೆ. ಮೊದಲ ಸಲಕ್ಕಿಂತ ಎರಡನೆಯ ಸಲ ಕಷ್ಟವಾಯಿತು. ಅಲ್ಲಿ ಊಟಕ್ಕೆ ಕೂತಿದ್ದ ಇಬ್ಬರು ಲಾರಿ ಡ್ರೈವರುಗಳು ಕೂಡ ತುತ್ತು ಕೈಯಲ್ಲೇ ಹಿಡಿದು ಕೇಳಿದರು.

ನಾನು ಹೇಳಿ ಮುಗಿಸುವ ಮೊದಲೇ ಗೋಡೆಗೊರಗಿದ್ದ ಕಾಶಿ ಹೋ ಎಂದು ಅಳಲು ಶುರುಮಾಡಿದಳು.

"ಹಳೇ ಗಣ್ಯಾಗ ಬಿದ್ದಾಳ್ರಿ! ಗುಲಾಬಿ ಬಳಪ ತರತೀನಿ ಅಂತ ಇಳಿದ್ಲು. ಮೆಟ್ಟಲ ಜಾರಿತು. ಅವ್ವಗ ಹೇಳಬ್ಯಾಡ, ನಾನಾ ಬರತೀನಿ ಅಂದ್ಲು. ಆಣಿ ಹಾಕಿಸ್ಕೊಂಡಾಳ್ರಿ!"

ಹಳೆಯ ಗಣಿಯ ಒಂದು ಬದಿಯಲ್ಲಿ ನಸುಗೆಂಪು ಬಣ್ಣದ ಮೆದುಕಲ್ಲಿನ ಒಂದು ಗೆರೆ ಇದೆ. ಅದರ ಚೂರು ಯಾರ ಹತ್ತಿರ ಇದೆಯೋ ಅವರೇ ತರಗತಿಯಲ್ಲಿ ರಾಣಿ. ಅಲ್ಲಿಗೆ ಮಕ್ಕಳು ಹೋಗಬಾರದೆಂದು ಪ್ರತಿ ವರ್ಷ ಹೇಳುವವಳು ನಾನೇ. ಕಾರ್ಖಾನೆಯ ಗಂಡಸರು ಏಣಿ, ಹಗ್ಗ ತಂದರು. ಲಾರಿ ಡ್ರೈವರುಗಳು ಲಾರಿ ತಂದರು. ಕಾಶಿ ಮುಂದೆ ಕೂತು ದಾರಿ ತೋರಿಸಿದಳು. ತುಳಸವ್ವ ದಾರಿಯುದ್ದಕ್ಕೂ, ಇಂದ್ರವ್ವನ ಸೆರಗಿನಿಂದ ಬಿಚ್ಚಿಕೊಂಡ ಆ ತಣ್ಣನೆಯ ಹಲ್ಲನ್ನು ಎರಡು ಅಂಗೈಗಳ ನಡುವೆ ಉಜ್ಜುತ್ತಿದ್ದಳು. ಉಜ್ಜಿ ಬಿಸಿ ಮಾಡಿದರೆ ಮಗಳಿಗೆ ಮುಟ್ಟೀತು ಎನ್ನುವ ಹಾಗೆ.

ಮೂರಾಳು ಆಳದಲ್ಲಿ, ಒಂದು ಮಂಚದಷ್ಟು ಅಗಲದ ಕಲ್ಲಿನ ಅಂಚಿನ ಮೇಲೆ, ಪಾಟಿಚೀಲವನ್ನು ತಲೆದಿಂಬು ಮಾಡಿಕೊಂಡು ಚಂಪಾ ಮಲಗಿದ್ದಳು. ಅಂಚಿನಾಚೆ ಹಸಿರುಗಟ್ಟಿದ ನೀರು. ತುಳಸವ್ವ ಕೂಗಿದ ಕೂಗಿಗೆ ಕಣ್ಣು ಉಜ್ಜಿಕೊಳ್ಳುತ್ತಾ ಎದ್ದು ಕೂತು ಮೇಲೆ ನೋಡಿದಳು.

"ಇಷ್ಟ ಮಂದಿ ಯಾಕ ಬಂದೀರಿ?"

ಏಣಿ ಇಳಿಸಿ ಅವಳನ್ನು ಹೊತ್ತು ತಂದರು. ಎಡಗಾಲಿನ ಹಿಮ್ಮಡಿ ಊದಿಕೊಂಡಿತ್ತು. ತುಳಸವ್ವ ಕಾಲು ಮುರಿಯುವುದನ್ನು ಮರೆತು, ಆ ಕಾಲನ್ನೇ ತೊಡೆಯ ಮೇಲಿಟ್ಟುಕೊಂಡು ಅತ್ತಳು. ಕಾಶಿ ಚಂಪಾಳ ಕುತ್ತಿಗೆಗೆ ಜೋತುಬಿದ್ದಳು. ಆಗಲೇ ತುಳಸವ್ವನ ಕೈಯೊಳಗಿನ ಹಲ್ಲು ಬೆಚ್ಚಗಾಯಿತು. ಅವಳು ಅದನ್ನು ಎಲ್ಲರಿಗೂ ಮುಟ್ಟಿಸಿದಳು. "ನೋಡ್ರಿ, ನೋಡ್ರಿ, ಇದು ನನ್ನ ಮಗಳದಾ!" ಎಂದು ಲಾರಿ ಡ್ರೈವರಿಗೂ ಮುಟ್ಟಿಸಿದಳು. ಅವನು ಹೊರಗಿನವನು. ಮುಟ್ಟಿ ನೋಡಿ "ಛಲೋ ಐತ್ರಿ" ಎಂದ.

ನನಗೆ ಅಳು ಬಂದಿತ್ತು, ಜೊತೆಗೆ ಮನಸ್ಸೂ ಒಂದು ಬಗೆಯಲ್ಲಿ ಹಗುರವಾಗಿತ್ತು. ತಪ್ಪು ಮಾಡಿದ್ದೆ, ಆದರೆ ಸಮಯಕ್ಕೆ ಹೇಳಿದೆ. ಅಷ್ಟರಲ್ಲಿ, ಸುದ್ದಿ ಕೇಳಿ ಬಂದಿದ್ದ ಡಾಕ್ಟರು ಕಾಲಿಗೆ ಪಟ್ಟಿ ಕಟ್ಟುತ್ತಾ ಚಂಪಾಳನ್ನು ಕೇಳಿದರು, "ಭಾಳ ಹೆದರಿದ್ದೇನವ್ವ?"

"ಇಲ್ರಿ," ಎಂದಳು ಚಂಪಾ. "ಕಾಲ ನೋಯ್ತಿತ್ತು. ಆದ್ರ ಕಾಶಿ ಅವ್ವಗ ಹೇಳೇ ಹೇಳತಾಳ ಅಂತ ಗೊತ್ತಿತ್ತು. ಅಕಿಗೆ ಆಣಿ ಹಾಕಿದ್ರ ಒಂದ್ ದಿನಾನೂ ತಡೆಯೂದಿಲ್ಲ. ಹಾಡ್ಕೋತ ಕುಂತಿದ್ದೆ, ನಿದ್ದಿ ಬಂತು."

"ನೀನವ್ವ ಕಾಶಿ?"

ಕಾಶಿ ಇನ್ನೂ ಬಿಕ್ಕುತ್ತಿದ್ದಳು. "ಊಟದ ಹೊತ್ತಿಗೆ ಬರತೀನಿ ಅಂದಿದ್ಲು. ಬರಲಿಲ್ಲ. ಸತ್ತಿರಬೇಕು, ನಾನಾ ಸಾಯಿಸಿದೆ ಅನ್ನಸಾಕತ್ತಿತ್ತು."

ಡಾಕ್ಟರು ಪಟ್ಟಿ ಕಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಹೆದರದೆ ಮಲಗಿದ್ದ ಮಗಳ ಹಲ್ಲು ಬೆಚ್ಚಗಿತ್ತು, ಹೆದರಿ ನಡುಗುತ್ತಿದ್ದ ಮಗಳ ಹಲ್ಲು ತಣ್ಣಗಾಗಿತ್ತು ಎಂದರೆ ಎರಡೂ ಹಲ್ಲು ಮೊದಲಿನಿಂದಲೂ ಸರಿಯಾದ ಸೆರಗಿನಲ್ಲೇ ಇದ್ದವು. ಹಲ್ಲು ತಣ್ಣಗಾದದ್ದು ಹೆದರಿಕೆಗಲ್ಲ, ಆಪತ್ತಿಗೆ, ಗಣಿಯಲ್ಲಿದ್ದವಳೇ ಆಪತ್ತಿನಲ್ಲಿದ್ದವಳು ಎಂದರೆ ಅದಲುಬದಲಾಗಿದ್ದವು.

ಮರುದಿನ ಶಾಲೆಯ ಕಟ್ಟೆಯ ಮೇಲೆ ಇದರ ವಿಚಾರಣೆ ನಡೆಯಿತು. ಒಂದು ಹಿತ್ತಾಳೆ ತಟ್ಟೆಯಲ್ಲಿ ಎರಡೂ ಹಲ್ಲು. ಗುರುಪಾದ ಮಾಸ್ತರರು ಒಂದು ಉಪಾಯ ಹೇಳಿದರು: ಒಬ್ಬ ಹುಡುಗಿಯನ್ನು ಗದರಿಸಬೇಕು, ಯಾವ ಹಲ್ಲು ತಣ್ಣಗಾಗುತ್ತದೋ ಅದು ಅವಳದು. "ನನ್ನ ಮಗಳನ್ನ ಯಾಕ್ರಿ? ಅಕಿ ಮಗಳನ್ನ ಗದರಿಸ್ರಿ," ಎಂದು ಇಬ್ಬರು ತಾಯಂದಿರೂ ಒಟ್ಟಿಗೇ ಹೇಳಿದರು. ಕೊನೆಗೆ ಚಂಪಾಳನ್ನು ಮುಂದೆ ನಿಲ್ಲಿಸಿ ಮಾಸ್ತರರು ಬೆತ್ತ ಎತ್ತಿ ಮೇಜಿಗೆ ಬಡಿದರು. ಚಂಪಾ ಕಣ್ಣರಳಿಸಿದಳು. ಹಿಂದೆ ನಿಂತಿದ್ದ ಕಾಶಿ ಕಿಟಾರನೆ ಚೀರಿದಳು. ಎರಡೂ ಹಲ್ಲು ತಣ್ಣಗಾದವು. ಕಾಶಿಯನ್ನು ನಿಲ್ಲಿಸಿದಾಗ ಚಂಪಾ ಕುಂಟುತ್ತಾ ಬಂದು ಮಾಸ್ತರರ ಕೈ ಕಚ್ಚಿದಳು. ಹೊಸ ಹಲ್ಲಿನ ಗುರುತು ಅವರ ಮಣಿಕಟ್ಟಿನ ಮೇಲೆ ಒಂದು ವಾರ ಇತ್ತು. ಪರೀಕ್ಷೆ ಅಲ್ಲಿಗೆ ಮುಗಿಯಿತು.

ನಾನು ಕೆಲಸ ಬಿಡುತ್ತೇನೆಂದು ಕಾಗದ ಬರೆದುಕೊಟ್ಟೆ. ಮಾಸ್ತರರು ಅದರಲ್ಲಿದ್ದ ಎರಡು ತಪ್ಪು ತಿದ್ದಿ ನನಗೇ ವಾಪಸು ಕೊಟ್ಟು, "ಒಂದನೇ ಇಯತ್ತೆಗೆ ಯಾರ ಹೋಗತಾರ?" ಎಂದರು. ತುಳಸವ್ವ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. ದಾರಿಯಲ್ಲಿ ಎದುರಾದರೆ ಸೆರಗು ಮುಚ್ಚಿ ಹಿಡಿದು ದಾಟುತ್ತಿದ್ದಳು. ಇಂದ್ರವ್ವ ಮಾತಾಡುತ್ತಿದ್ದಳು, ಹೋಳಿಗೆ ಕೊಡುತ್ತಿರಲಿಲ್ಲ.

ತಟ್ಟೆಯಲ್ಲಿದ್ದ ಹಲ್ಲುಗಳನ್ನು ಅವರಿಬ್ಬರು ಬದಲಾಯಿಸಿಕೊಳ್ಳಲಿಲ್ಲ. ಯಾವುದು ಯಾರ ಕೈಗೆ ಬಂತೋ ಅದನ್ನೇ ಕಟ್ಟಿಕೊಂಡರು. ಆ ಗದ್ದಲದಲ್ಲಿ ಮೊದಲಿದ್ದದ್ದೇ ಬಂತೋ, ಅದೂ ಅದಲುಬದಲಾಯಿತೋ ಯಾರೂ ನೋಡಲಿಲ್ಲ. ಅಂದಿನಿಂದ ಒಬ್ಬಳ ಹಲ್ಲು ಸ್ವಲ್ಪ ಹೆಚ್ಚುಕಡಿಮೆಯಾದರೂ ಇಬ್ಬರೂ ಓಡುತ್ತಾರೆ, ಇಬ್ಬರು ಹುಡುಗಿಯರನ್ನೂ ಹಿಡಿದು ನೋಡುತ್ತಾರೆ. ಇಂದ್ರವ್ವ ಹಿಟ್ಟಿನ ಕೈಯಲ್ಲೇ ಕಾರ್ಖಾನೆಗೆ ಹೋಗಿ, "ನಂದು ಬಿಸಿ ಆಗೈತಿ, ಚಂಪಾನ ಮೈ ಮುಟ್ಟಿ ನೋಡಿದಿ ಏನು?" ಎನ್ನುತ್ತಾಳೆ. "ನೋಡೀನಿ. ನಿನ್ನ ಮಗಳದಾ ಇರಬೇಕು, ಮಾವಿನಕಾಯಿ ತಿಂದಾಳ," ಎನ್ನುತ್ತಾಳೆ ತುಳಸವ್ವ. ಮೊದಲು ಒಂದು ಹಲ್ಲು ಮುಟ್ಟಿ ನೆಮ್ಮದಿಯಾಗಿ ಕೂರುತ್ತಿದ್ದ ಹೆಂಗಸರು ಈಗ ದಿನಕ್ಕೆ ಎರಡು ಸಲ ಊರು ದಾಟುತ್ತಾರೆ. ಇದು ನಾನು ಅವರಿಗೆ ಮಾಡಿದ್ದು.

ಕಳೆದ ವಾರ ತುಳಸವ್ವ ತನ್ನ ಕಿರಿಯ ಮಗನನ್ನು ಕರೆದುಕೊಂಡು ನನ್ನ ತರಗತಿಯ ಬಾಗಿಲಿಗೆ ಬಂದಳು. ಅವನು ಬಾಯಿ ತೆರೆದು ನಾಲಿಗೆಯಿಂದ ಹಲ್ಲು ಅಲ್ಲಾಡಿಸಿ ತೋರಿಸಿದ.

"ಇವತ್ತೋ ನಾಳೆಯೋ ಬೀಳತೈತಿ," ಎಂದಳು. ಮಗನ ಬಾಯಿ ಮುಚ್ಚಿಸಿ, "ಅಕ್ಕೋರ, ನೀವಾ ತರ್ರಿ. ಬ್ಯಾರೆ ಯಾರಾದ್ರೂ ತಂದ್ರ ಸರಿ ತಂದೀನಿ ಅಂತಾರ. ನೀವು ತಂದ್ರ ಖರೇ ಹೇಳತೀರಿ," ಎಂದಳು.

ನಾನು ತಲೆಯಾಡಿಸಿದೆ. ಅವಳು ಹೋದ ಮೇಲೆ ಮಕ್ಕಳಿಗೆ ಮಗ್ಗಿ ಹೇಳಿಸುತ್ತಾ ಎರಡು ಸಲ ತಪ್ಪಿದೆ.

ಅವಳಿಗೆ ನಾನು ಹೇಳದೆ ಉಳಿದದ್ದು ಇಷ್ಟು. ಹಲ್ಲು ಅದಲುಬದಲಾಗಿದ್ದರೆ ನಾನು ಮೂರು ವರ್ಷ ಬಾಯಿ ಮುಚ್ಚಿಕೊಂಡು ಇಬ್ಬರು ತಾಯಂದಿರಿಗೆ ಮೋಸ ಮಾಡಿದೆ. ಆಗಿರದಿದ್ದರೆ, ಸರಿಯಾಗಿದ್ದ ಎರಡು ಹಲ್ಲುಗಳ ಮೇಲೆ ಅನುಮಾನ ಹಾಕಿ ಇಬ್ಬರ ನೆಮ್ಮದಿ ಕೆಡಿಸಿದೆ. ಇವೆರಡರಲ್ಲಿ ಒಂದನ್ನಂತೂ ಮಾಡಿದ್ದೇನೆ. ಯಾವುದನ್ನು ಎಂಬುದು ನನಗೆ ಗೊತ್ತಿಲ್ಲ.